ಚಂಡೆಗೆ ಜಾಗ ಬಿಡಬೇಕು

ಹೋದ ವರ್ಷ ಆಷಾಢದಲ್ಲಿ ಸಾಗರದ ಹತ್ತಿರ ನೆಂಟರ ಮನೆ ಜಗಲಿಯಲ್ಲಿ ತಾಳಮದ್ದಳೆ. ನನ್ನ ಸಣ್ಣ ರೆಕಾರ್ಡರ್ ಒಯ್ದಿದ್ದೆ. ಶುರುವಾಗೋ ಮುಂಚೆ ಚಂಡೆಯವರಿಗೆ "ಒಂಚೂರು ಬಾರಿಸಿ" ಅಂದೆ. ಎಲೆಅಡಿಕೆ ಮೆಲ್ಲುತ್ತಲೇ ನಾಲ್ಕು ಪೆಟ್ಟು ಹಾಕಿದರು. ದನಿಯ ಮಟ್ಟ ತೋರಿಸೋ ಮೀಟರ್ ಮೈನಸ್ 4 ಡಿಬಿಗೆ (ಡೆಸಿಬೆಲ್, ದನಿಯ ಅಳತೆ) ಹೋಗಿ ನಿಂತಿತು. ಭೇಷ್ ಅಂದುಕೊಂಡೆ. ರಾತ್ರಿ ಹನ್ನೊಂದಕ್ಕೆ ಯುದ್ಧದ ಪದ್ಯ ಬಂದಾಗ ಅದೇ ಕೈಗೆ ಬೇರೆಯೇ ಕಸುವು. ಕೆಂಪು ದೀಪ ಹೊತ್ತಿದ್ದು ನಾನು ನೋಡಲಿಲ್ಲ, ಅಡಿಗೆಮನೆಯಲ್ಲಿ ಕಷಾಯ ಕುಡಿಯುತ್ತಿದ್ದೆ.

ಮಾರನೇ ದಿನ ಕೇಳಿದರೆ ಪ್ರತಿ ಪೆಟ್ಟೂ ಒಡೆದ ಹೆಂಚು ಬಡಿದ ಹಾಗೆ. ಕಂಪ್ಯೂಟರಿನಲ್ಲಿ ಅಲೆ ಹಿಗ್ಗಿಸಿ ನೋಡಿದೆ. ತುದಿಗಳೆಲ್ಲ ಕತ್ತಿಯಲ್ಲಿ ಸವರಿದಷ್ಟು ಚಪ್ಪಟೆ. ಡಿಜಿಟಲ್‌ನಲ್ಲಿ 0 ಡಿಬಿ ಅಂದರೆ ಮನೆಯ ಮಾಡು. ಅದರಾಚೆ ಬರೆಯಲು ಅಂಕಿಯೇ ಇಲ್ಲ. ಹಳೇ ಟೇಪಾಗಿದ್ದರೆ ತುಸು ಹೆಚ್ಚಾದದ್ದನ್ನು ಮೆತ್ತಗೆ ಒತ್ತಿಕೊಳ್ಳುತ್ತಿತ್ತು. ವಾಲ್ಯೂಮ್ ಇಳಿಸಿದೆ, ಚಪ್ಪಟೆ ಸಣ್ಣ ಚಪ್ಪಟೆಯಾಯಿತು, ಅಷ್ಟೇ. ರಿಪೇರಿ ಸಾಫ್ಟ್‌ವೇರೂ ಓಡಿಸಿದೆ. ಅದು ಕಳೆದುಹೋದ ತುದಿಯನ್ನು ಅಂದಾಜಿನಲ್ಲಿ ಬಿಡಿಸುತ್ತದೆ. ಮದ್ದಳೆ ಪರವಾಗಿಲ್ಲ ಅನ್ನಿಸಿತು, ಭಾಗವತರ ಸ್ವರದ ಮೇಲೆ ಬಿದ್ದ ಪೆಟ್ಟು ಮಾತ್ರ ಹೋಗಲಿಲ್ಲ.

ಮೀಟರ್ ಮೇಲಿದ್ದಷ್ಟೂ ಒಳ್ಳೇದು ಅನ್ನೋದು ನನ್ನ ಹಟ, 16 ಬಿಟ್ ಕಾಲದ ಚಾಳಿ (ಬಿಟ್ ಅಂದರೆ ದನಿಯ ಒಂದೊಂದು ಅಳತೆಯನ್ನೂ ಬರೆಯೋ ಅಂಕಿಯ ಒಂದು ಮನೆ). ಅತಿ ಸಣ್ಣ ದನಿಯಿಂದ ಅತಿ ಜೋರಿನವರೆಗಿನ ಅಂತರ ಒಂದು ಬಿಟ್‌ಗೆ ಸುಮಾರು 6 ಡಿಬಿ ಲೆಕ್ಕ: 16 ಬಿಟ್‌ಗೆ 96, 24ಕ್ಕೆ 144. 24 ಬಿಟ್‌ನಲ್ಲಿ ಪೀಕಿನ (ದನಿ ಮುಟ್ಟೋ ತುತ್ತತುದಿಯ) ಮೇಲೆ 12 ಡಿಬಿ ಜಾಗ ಬಿಟ್ಟರೆ ಕಳಕೊಳ್ಳೋದು ಎರಡು ಬಿಟ್. ಉಳಿದ 22 ಬಿಟ್‌ನ ತಳದ ಸದ್ದಿಗಿಂತ ಹೆಂಚಿನ ಮೇಲಿನ ಮಳೆ, ಹಿತ್ತಲಿನ ಕಪ್ಪೆ, ಒಳಗೆ ಪಾತ್ರೆ ತೊಳೆಯೋ ಸದ್ದು ಎಷ್ಟೋ ಪಾಲು ಜೋರು. ಆ ಗದ್ದಲದಡಿ ಹೋದ ಎರಡು ಬಿಟ್ ಯಾರು ಹುಡುಕುತ್ತಾರೆ?

ಈಗ ಪರೀಕ್ಷೆಗೆ ಬಾರಿಸುವಾಗಲೇ ಪೀಕನ್ನು ಮೈನಸ್ 18ಕ್ಕೆ ಕಟ್ಟಿಹಾಕುತ್ತೇನೆ. ಪರೀಕ್ಷೆಗೆ ಯಾರೂ ಮೈಬಿಟ್ಟು ಬಾರಿಸೋದಿಲ್ಲ, ಪದ್ಯ ಕಾವೇರಿದ ಮೇಲೆ 10 ಡಿಬಿ ಏರೋದು ಮಾಮೂಲು. ಮೈಕನ್ನು ಭಾಗವತರ ಕಡೆಗೆ ಜರುಗಿಸಿ ಚಂಡೆಯಿಂದ ದೂರ ಇಡುತ್ತೇನೆ. ಗೇನ್ (ಮೈಕಿನ ದನಿ ಹಿಗ್ಗಿಸೋ ಗುಂಡಿ) ತಿರುಗಿಸೋದಕ್ಕಿಂತ ಇದೇ ದೊಡ್ಡ ಔಷಧ. ದನಿ ಮಿತಿ ಮೀರದಂತೆ ತಾನೇ ತಗ್ಗಿಸೋ ಲಿಮಿಟರ್ ಒಂದನ್ನೇ ನಂಬಿ ಮಲಗಬೇಡಿ. ಕೆಲವು ಯಂತ್ರಗಳಲ್ಲಿ ಅದು ದನಿ ಅಂಕಿಯಾದ ಮೇಲೆ ಕೆಲಸ ಮಾಡುತ್ತದೆ, ಆ ಹೊತ್ತಿಗೆ ತುದಿ ಕತ್ತರಿಸಿ ಆಗಿರುತ್ತದೆ. 0 ಡಿಬಿಯ ಮಾಡು ದಾಟಿದ್ದನ್ನೂ ಫೈಲಿನಲ್ಲಿ ಬರೆದಿಡೋ 32 ಬಿಟ್ ಫ್ಲೋಟ್ ಯಂತ್ರ ಕೊಂಡ ಗೆಳೆಯನೊಬ್ಬ "ನಂಗೆ ಆ ಚಿಂತೆ ಇಲ್ಲ" ಅಂತಾನೆ. ಫೈಲಿನ ಮಟ್ಟಿಗೆ ನಿಜ. ಮೈಕೇ ತಡೆಯಲಾರದಷ್ಟು ಹತ್ತಿರ ಚಂಡೆ ಇಟ್ಟರೆ ಅವನದ್ದೂ ಒಡೆಯುತ್ತದೆ.

ಹೋದ ವಾರ ಹೊಸನಗರದ ಕಡೆ ಮತ್ತೆ ಅದೇ ಚಂಡೆಯವರು ಸಿಕ್ಕಿದ್ದರು. ಇಡೀ ರಾತ್ರಿಯ ಪೀಕ್ ಮೈನಸ್ 7. ಬೆಳಗ್ಗೆ ದೋಸೆ ತಿನ್ನುತ್ತಾ ಅವರಿಗೆ ಕೇಳಿಸಿದೆ. ಮುಖ ಸಪ್ಪೆ ಮಾಡಿದರು.

"ನನ್ನ ಚಂಡೆ ಯಾಕೋ ಸಣ್ಣ ಕೇಳ್ತದಲ್ಲ ಮಾರಾಯ?"

ಅಲ್ಲೇ ಕೂತು 6 ಡಿಬಿ ಏರಿಸಿಕೊಟ್ಟೆ.