ಮಿರೋ ಕಾರ್ಡೋನಾ ಅವರ ಕಾಗದಪತ್ರಗಳು

"ತನ್ನ ಹೆಸರಿನಲ್ಲಿ ಹೊರಟ ಸುದ್ದಿಯನ್ನು ಆ ಮನುಷ್ಯ ರೇಡಿಯೊದಲ್ಲಿ ಕೇಳಿ ತಿಳಿಯಬೇಕಾಯಿತು" ಎಂದು ಪಕ್ಕದ ಮೇಜಿನಲ್ಲಿದ್ದ ಹಿರಿಯರು ಹೇಳಿದ ಮಾತು ಈ ವಾರವಿಡೀ ನನ್ನನ್ನು ಕಾಡುತ್ತಿದೆ. ಮಯಾಮಿ ವಿಶ್ವವಿದ್ಯಾಲಯದ ಕ್ಯೂಬನ್ ಸಂಗ್ರಹದಲ್ಲಿ ಹೊಸೆ ಮಿರೋ ಕಾರ್ಡೋನಾ ಅವರ ಕಾಗದಗಳನ್ನು ಓದುತ್ತಿದ್ದೆ; ಆ ಮಾತು ಅವರ ಬಗ್ಗೆಯೇ. ಅಲ್ಲಿ ಪೆನ್ಸಿಲ್ಲಿಗೆ ಮಾತ್ರ ಅನುಮತಿ. ಪೆಟ್ಟಿಗೆಯಿಂದ ಒಮ್ಮೆಗೆ ಒಂದೇ ಕಡತ ತೆಗೆಯಬೇಕು, ಅದನ್ನು ಮುಚ್ಚಿಟ್ಟ ಮೇಲೆಯೇ ಇನ್ನೊಂದು.

ಹವಾನಾದ ಈ ಕಾನೂನು ಪ್ರಾಧ್ಯಾಪಕರು ಕ್ಯೂಬಾದ ಸರ್ವಾಧಿಕಾರಿ ಬಟಿಸ್ಟಾನನ್ನು ವಿರೋಧಿಸಿ, 1959ರ ಜನವರಿಯಲ್ಲಿ ಕ್ರಾಂತಿ ಸರ್ಕಾರದ ಮೊದಲ ಪ್ರಧಾನಿಯಾಗಿ, ಆರು ವಾರ ತುಂಬುವ ಮೊದಲೇ ರಾಜೀನಾಮೆ ಕೊಟ್ಟವರು. ಮರುವರ್ಷ ಕ್ರಾಂತಿಯ ನಾಯಕ ಕ್ಯಾಸ್ಟ್ರೋ ಜೊತೆಗಿನ ನಂಟನ್ನೂ ಕಡಿದುಕೊಂಡು ದೇಶ ಬಿಟ್ಟರು. 1961ರ ಮಾರ್ಚ್‌ನಲ್ಲಿ ಕ್ಯಾಸ್ಟ್ರೋ ವಿರೋಧಿ ದೇಶಭ್ರಷ್ಟರ ಕ್ರಾಂತಿಕಾರಿ ಮಂಡಳಿಯ ಅಧ್ಯಕ್ಷರಾದರು. ಏಪ್ರಿಲ್ 17ರಂದು ದೇಶಭ್ರಷ್ಟರ ಪಡೆ ಕ್ಯೂಬಾದ ಬೇ ಆಫ್ ಪಿಗ್ಸ್ ತೀರದಲ್ಲಿ, ಕೊನೆಗೆ ಸೋತುಹೋದ ದಾಳಿಗೆ ಇಳಿದಾಗ, ಅದನ್ನು ಸಂಘಟಿಸಿದ್ದ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಅವರನ್ನೂ ಸಹಸದಸ್ಯರನ್ನೂ ಮಯಾಮಿ ಬಳಿಯ ಓಪಾ-ಲೋಕಾದ ಮನೆಯೊಂದರಲ್ಲಿ ಕಾವಲಿನಲ್ಲಿಟ್ಟು, ಮಂಡಳಿಯ ಹೆಸರಿನ ಪ್ರಕಟಣೆಗಳನ್ನು ನ್ಯೂಯಾರ್ಕ್‌ನ ಪ್ರಚಾರ ಸಂಸ್ಥೆಯೊಂದರ ಮೂಲಕ ಹೊರಡಿಸಿತು. ಅವರ ಮಗ ಆ ದಾಳಿಯ ಪಡೆಯಲ್ಲಿದ್ದ, ಸೆರೆಸಿಕ್ಕ. ಮಗನನ್ನು ಯುದ್ಧಕ್ಕೆ ಕಳಿಸಿದ ತಂದೆಯ ಬಾಯಿ ಕಟ್ಟಿ ಅವನ ಹೆಸರನ್ನು ಬಳಸಿಕೊಂಡದ್ದು ನನಗೆ ಸೋಲಿಗಿಂತ ದೊಡ್ಡ ಅನ್ಯಾಯವಾಗಿ ತೋರುತ್ತದೆ.

"ನೀವು ಅವರನ್ನು ಬಲ್ಲಿರಾ?" ಎಂದು ಪಕ್ಕದ ಮೇಜಿನ ಹಿರಿಯರನ್ನು ಕೇಳಿದೆ. "ಇಲ್ಲ. ನನ್ನ ಅಣ್ಣ ಆ ಪಡೆಯಲ್ಲಿದ್ದ" ಎಂದಷ್ಟೇ ಹೇಳಿ ಅವರು ತಮ್ಮ ಹಾಳೆ ತಿರುಗಿಸಿದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ತಮ್ಮ ಮನೆಯ ಹುಡುಗನನ್ನು ಯುದ್ಧಕ್ಕೆ ಕರೆದೊಯ್ದ ಮಂಡಳಿಯ ಅಧ್ಯಕ್ಷನನ್ನು ಅವರು ದೂಷಿಸಬಹುದಿತ್ತು. ಅದರ ಬದಲು ಅವನ ಪರವಾಗಿ ಮಾತಾಡಿದರು. ಅಂಥ ನ್ಯಾಯಬುದ್ಧಿ ಎಲ್ಲರಿಗೂ ಬರುವುದಿಲ್ಲ.

ಗೆದ್ದವರ ಕಾಗದಗಳನ್ನು ಸರ್ಕಾರವೇ ಕಾಯುತ್ತದೆ. ದೇಶ ಬಿಟ್ಟವನದು ಹಾಗಲ್ಲ: ಅವನು ಕಚೇರಿಯನ್ನೂ ಮನೆಯನ್ನೂ ಹಿಂದೆ ಬಿಟ್ಟು ಬಂದಿರುತ್ತಾನೆ, ಆಮೇಲೆ ಬರೆದದ್ದನ್ನು ಯಾರಾದರೂ ಜೋಪಾನ ಮಾಡಿದರೆ ಉಂಟು, ಇಲ್ಲವಾದರೆ ಇಲ್ಲ. ಇದೇ ಸಂಗ್ರಹದಲ್ಲಿ ಬಟಿಸ್ಟಾನ ಕಾಗದಗಳೂ ಇವೆ. ಬದುಕಿನಲ್ಲಿ ಎದುರಾಳಿಗಳಾಗಿದ್ದವರನ್ನು ಒಂದೇ ಸೂರಿನಡಿ ಓದಲು ಬಿಡುವ ಗ್ರಂಥಾಲಯದ ಬಗ್ಗೆ ನನಗೆ ನಿಜವಾದ ಗೌರವವಿದೆ.

1963ರ ಏಪ್ರಿಲ್‌ನಲ್ಲಿ ಮಿರೋ ಕಾರ್ಡೋನಾ ಮಂಡಳಿಯನ್ನು ಬಿಟ್ಟಾಗ ಬೇರೆಯವರು ಬರೆದುಕೊಟ್ಟದ್ದನ್ನು ಓದಲಿಲ್ಲ. ಎರಡನೆಯ ದಾಳಿಯ ಭರವಸೆ ಕೊಟ್ಟು ಕೆನಡಿ ಸರ್ಕಾರ ಮಾತು ತಪ್ಪಿತೆಂದು ಸ್ವತಃ ದೀರ್ಘ ಹೇಳಿಕೆ ಕೊಟ್ಟರು. ವಾಷಿಂಗ್ಟನ್ ಅದನ್ನು ಅಲ್ಲಗಳೆಯಿತು. ಒಂದು ಪಕ್ಷದ ಕಾಗದಗಳು ಬಾಸ್ಟನ್‌ನ ಕೆನಡಿ ಗ್ರಂಥಾಲಯದಲ್ಲಿವೆ, ಇನ್ನೊಂದು ಪಕ್ಷದವು ಈ ಪೆಟ್ಟಿಗೆಗಳಲ್ಲಿವೆ. ಎರಡನ್ನೂ ಎದುರುಬದುರು ಇಟ್ಟು ಓದದೆ ತೀರ್ಪು ಕೊಡಲು ನಾನು ಸಿದ್ಧನಿಲ್ಲ.