ತಲಪಾಡಿಯಲ್ಲಿ ಹೊಕ್ಕು ಸಾರಡ್ಕದಲ್ಲಿ ಹೊರಟು

ಮಂಗಳೂರಿನಿಂದ ಕಾಸರಗೋಡಿಗೆ ಸುಮಾರು 50 ಕಿಲೋಮೀಟರ್. ಕಾಸರಗೋಡಿನಿಂದ ತಿರುವನಂತಪುರಕ್ಕೆ 550ಕ್ಕೂ ಹೆಚ್ಚು. ಆ ಸೀಮೆಯವರ ಬದುಕು ಹೇಗೆ ನಡೆಯುತ್ತದೆಂದು ಊಹಿಸಲು ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧಕ್ಕೆಂದು ಬಸ್ಸು ಹತ್ತಿದೆ. ಕಡಲ ಬದಿಯ ಹೆದ್ದಾರಿಯಲ್ಲಿ ತಲಪಾಡಿಯಾಗಿ ಒಳಹೊಕ್ಕು, ಚಂದ್ರಗಿರಿ ಹೊಳೆಯ ತನಕ ಹೋಗಿ, ಬರುವಾಗ ಚೆರ್ಕಳ, ಬದಿಯಡ್ಕ, ಪೆರ್ಲದ ಗುಡ್ಡದ ದಾರಿ ಹಿಡಿದು ಸಾರಡ್ಕದಲ್ಲಿ ಹೊರಬರಬೇಕೆಂಬುದು ನನ್ನ ಲೆಕ್ಕ.

ಈ ದಾರಿಯಲ್ಲಿ ಎರಡೂ ರಾಜ್ಯಗಳ ಸರ್ಕಾರಿ ಬಸ್ಸುಗಳು ಓಡುತ್ತವೆ. ಕೆಎಸ್‌ಆರ್‌ಟಿಸಿ ಎಂಬ ಅಕ್ಷರಗಳು ಯಾರ ಸ್ವತ್ತೆಂದು ಎರಡು ನಿಗಮಗಳು ವರ್ಷಗಟ್ಟಲೆ ಜಗಳವಾಡಿದವು. 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟು ಕೇರಳದ ಅರ್ಜಿಯನ್ನು ವಜಾ ಮಾಡಿತು. ನಿಲ್ದಾಣದಲ್ಲಿ ಕಾಯುವವರಿಗೆ ಆ ವ್ಯಾಜ್ಯದ ಗೊಡವೆಯೇ ಇಲ್ಲ. ಯಾವುದು ಮೊದಲು ಬಂತೋ ಅದಕ್ಕೆ ಹತ್ತುತ್ತಾರೆ.

ನನ್ನ ಪಕ್ಕದಲ್ಲಿ ಉಪ್ಪಳದ ಹೆಂಗಸೊಬ್ಬರು ಕೂತಿದ್ದರು. ಮಡಿಲಲ್ಲಿ ಎಕ್ಸ್‌ರೇ ಲಕೋಟೆ, ಮೇಲೊಂದು ಫೈಲು. ನೇತ್ರಾವತಿ ಸೇತುವೆ ದಾಟುವಷ್ಟರಲ್ಲಿ ಮಾತು ಶುರುವಾಯಿತು. ಪ್ರತಿ ಸಲವೂ ಮಂಗಳೂರಿಗೇ ಬರುತ್ತೀರಾ ಅಕ್ಕಾ ಎಂದೆ. “ಮತ್ತೆಲ್ಲಿಗೆ ಹೋಗುದು ಮಾರಾಯ್ರೆ? ನಮ್ಮ ಮಕ್ಕಳು ಮೂರೂ ಹುಟ್ಟಿದ್ದು ಇಲ್ಲಿ. ರೇಶನ್ ಕಾರ್ಡಿನ ಕೆಲಸ ಇದ್ದರೆ ಮಾತ್ರ ಆಚೆ ಮುಖ ಮಾಡುದು” ಎಂದರು. ಫೋನಿನಲ್ಲಿ ಮಗನೊಡನೆ ತುಳು, ಕಂಡಕ್ಟರನೊಡನೆ ಮಲಯಾಳ, ನನ್ನೊಡನೆ ಕನ್ನಡ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಅವರ ದನಿಯಲ್ಲಿ ಒಂದಿಷ್ಟೂ ತಡವರಿಕೆ ಇರಲಿಲ್ಲ. ಕುತೂಹಲದಿಂದ ಕಿವಿಗೊಟ್ಟಿದ್ದವನು ನಾನೊಬ್ಬನೇ.

ಅವರ ಮಾತಿನ ಹಿಂದೆ ದೊಡ್ಡದೊಂದು ಚರಿತ್ರೆ ಇದೆ. 1956ರ ಅಕ್ಟೋಬರ್ ಮುಗಿಯುವ ತನಕ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲ್ಲೂಕು. ಕಚೇರಿ, ಕೋರ್ಟು, ಕಾಲೇಜು, ಮಂಡಿ, ಆಸ್ಪತ್ರೆ ಎಲ್ಲಕ್ಕೂ ಮಂಗಳೂರೇ. ರಸ್ತೆಗಳೂ ಹಾಗೆಯೇ ಬೆಳೆದಿದ್ದವು. ನವೆಂಬರ್ 1ರಂದು ತಾಲ್ಲೂಕು ಕೇರಳಕ್ಕೆ ಹೋಯಿತು. ಮಲಬಾರ್ ಜಿಲ್ಲೆಗೆ ಸೇರಿ, ಆಮೇಲೆ ಕಣ್ಣೂರಿನ ಭಾಗವಾಗಿ, 1984ರ ಮೇ 24ರಂದು ಸ್ವಂತ ಜಿಲ್ಲೆಯಾಯಿತು. ಕಡತಗಳು ದಕ್ಷಿಣಕ್ಕೆ ತಿರುಗಿದವು, ಜನರ ಕಾಲು ತಿರುಗಲಿಲ್ಲ. ಗೆರೆ ಎಳೆದವರು ಭಾಷೆಯ ಗಣತಿ ನೋಡಿದ್ದರು, ದಾರಿಗಳ ಮುಖ ಯಾವ ಕಡೆಗಿದೆ ಎಂದು ನೋಡಿರಲಿಲ್ಲ ಅನ್ನಿಸುತ್ತದೆ.

ತಲಪಾಡಿಯಲ್ಲಿ ಟೋಲ್ ದಾಟಿದರೆ ಗಡಿ. ಮಂಗಳೂರಿನ ಸಿಟಿ ಬಸ್ಸುಗಳು ಇಲ್ಲಿಗೆ ಬಂದು ತಿರುಗುತ್ತವೆ. ಗಡಿಯನ್ನು ಗುರುತಿಸಲು ನನಗೆ ಫಲಕ ಬೇಕಾಗಲಿಲ್ಲ, ರಸ್ತೆಯ ಅಗಲವೇ ಹೇಳಿತು. ಹಿಂದೆ ಇಲ್ಲಿ ಗಡಿಯೆಂದರೆ ಲಾರಿಗಳ ಸಾಲು. ಮಂಜೇಶ್ವರದ ವಾಣಿಜ್ಯ ತೆರಿಗೆ ತನಿಖಾ ಠಾಣೆಯಲ್ಲಿ ಕಾಗದ ತೋರಿಸಿ, ಮೊಹರು ಹಾಕಿಸಿಕೊಂಡು ಹೋಗಬೇಕಿತ್ತು. ಸಾಲು ನಿಂತಲ್ಲಿ ಗೂಡಂಗಡಿಗಳು, ಪಂಕ್ಚರ್ ಹಾಕುವವರು, ಬಿಲ್ಲು ಬರೆದುಕೊಡುವವರು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಆ ತಪಾಸಣೆ ನಿಂತಿತು. ಲಾರಿಗಳು ನಿಲ್ಲದೆ ಹೋಗತೊಡಗಿದವು. ಗಡಿ ತೆಳುವಾದರೆ ಒಳ್ಳೆಯದೆಂದು ನಾವೆಲ್ಲ ಹೇಳುತ್ತೇವೆ. ನಿಂತ ಲಾರಿಗಳನ್ನು ನಂಬಿ ಅಂಗಡಿ ಇಟ್ಟವರನ್ನು ಯಾರೂ ಕೇಳುವುದಿಲ್ಲ.

ಗಡಿ ಇದ್ದಕ್ಕಿದ್ದಂತೆ ದಪ್ಪವಾದದ್ದು 2020ರ ಮಾರ್ಚಿನಲ್ಲಿ. ದೇಶಕ್ಕೆ ಲಾಕ್‌ಡೌನ್ ಬಂತು. ಆ ದಿನಗಳಲ್ಲಿ ಕಾಸರಗೋಡಿನಲ್ಲಿ ಕೊರೊನಾ ಪ್ರಕರಣ ಹೆಚ್ಚಿದ್ದವೆಂದು ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಹೆದ್ದಾರಿಯಷ್ಟೇ ಅಲ್ಲ, ತೋಟದ ನಡುವಿನ ಸಣ್ಣ ದಾರಿಗಳಿಗೂ ಮಣ್ಣು ಬಿತ್ತು. ಡಯಾಲಿಸಿಸ್‌ಗೆ, ಹೃದಯದ ಚಿಕಿತ್ಸೆಗೆ, ಹೆರಿಗೆಗೆ ಮಂಗಳೂರನ್ನೇ ನಂಬಿದ್ದವರ ಆಂಬುಲೆನ್ಸುಗಳು ತಲಪಾಡಿಯಿಂದ ಹಿಂದಿರುಗಿದವು. ಚಿಕಿತ್ಸೆ ಸಿಗದೆ ಜನ ಸತ್ತ ಸುದ್ದಿ ಒಂದರ ಹಿಂದೊಂದು ಬಂತು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆಗೆಸುವಂತೆ ಕೇಂದ್ರಕ್ಕೆ ಹೇಳಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 7ರಂದು, ರೋಗಿಗಳನ್ನು ಯಾವ ನಿಯಮದ ಮೇಲೆ ಬಿಡಬೇಕೆಂಬುದಕ್ಕೆ ಎರಡೂ ರಾಜ್ಯ ಒಪ್ಪಿವೆಯೆಂದು ಕೇಂದ್ರ ಅಲ್ಲಿ ತಿಳಿಸಿತು. ಸೋಂಕಿನ ಭಯ ಸುಳ್ಳಾಗಿರಲಿಲ್ಲ, ಒಪ್ಪೋಣ. ಆದರೆ ಅರುವತ್ತು ವರ್ಷ ಒಂದೇ ಊರಿನ ಎರಡು ಬೀದಿಗಳ ಹಾಗೆ ಬದುಕಿದವರ ನಡುವೆ ಒಂದೇ ರಾತ್ರಿಯಲ್ಲಿ ಟಿಪ್ಪರ್ ಮಣ್ಣು ಸುರಿಯಬಹುದು ಎಂಬುದು ಈಗ ಅಲ್ಲಿನವರಿಗೆಲ್ಲ ಗೊತ್ತು. ಉಪ್ಪಳದ ಅಕ್ಕ ಆ ದಿನಗಳ ಬಗ್ಗೆ ಹೆಚ್ಚು ಮಾತಾಡಲಿಲ್ಲ. “ನಮ್ಮ ಮಾವ” ಎಂದಷ್ಟೇ ಹೇಳಿ ಲಕೋಟೆಯನ್ನು ಸರಿಮಾಡಿಕೊಂಡರು.

ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಹೆದ್ದಾರಿ ಈಗ ಆರು ಪಥದ್ದು. ಕಟ್ಟಿದ್ದು ಕೂಲಿಕಾರರೇ ಸೇರಿ 1925ರಲ್ಲಿ ವಡಗರೆಯ ಹತ್ತಿರ ಹುಟ್ಟುಹಾಕಿದ ಊರಾಳುಂಗಲ್ ಸಹಕಾರ ಸಂಘ. ರಸ್ತೆ ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ಎರಡೂ ಬದಿಯಲ್ಲಿ ಕಾಂಕ್ರೀಟಿನ ತಡೆ, ಅದರಾಚೆ ಸರ್ವಿಸ್ ರಸ್ತೆ, ಅಲ್ಲೊಂದು ಇಲ್ಲೊಂದು ಅಂಡರ್‌ಪಾಸ್. ಮಂಜೇಶ್ವರದಲ್ಲಿ ಇಳಿದು ನೋಡಿದೆ. ಎದುರಿನ ಅಂಗಡಿ ಕಣ್ಣಿಗೆ ಕಾಣುತ್ತದೆ, ಕಾಲಿಗೆ ಸಿಗುವುದಿಲ್ಲ. ಕೆಳಸೇತುವೆ ಇರುವಲ್ಲಿಗೆ ನಡೆದು, ನುಸುಳಿ, ಮತ್ತೆ ಅಷ್ಟೇ ಹಿಂದಕ್ಕೆ ಬರಬೇಕು. ರಾಜ್ಯದ ಗಡಿಯನ್ನು ಕೂತಲ್ಲೇ ಕೂತು ದಾಟಿದ್ದೆ. ಹೆದ್ದಾರಿಯ ಒಂದು ಬದಿಯಿಂದ ಇನ್ನೊಂದಕ್ಕೆ ಹೋಗಲು ಬೆವರು ಇಳಿಯಿತು. ಮೂಡಲ ಬದಿಗೆ ಮನೆ, ಪಡುವಲ ಬದಿಗೆ ಶಾಲೆ ಇರುವ ಮಕ್ಕಳಿಗೆ ನಿಜವಾದ ಗಡಿ ಯಾವುದು? ಕೇರಳದಲ್ಲಿ ಅಂಡರ್‌ಪಾಸಿಗಾಗಿ ನಡೆದ ಧರಣಿಗಳನ್ನು ಸುದ್ದಿಯಲ್ಲಿ ಓದುವಾಗ ಸಣ್ಣ ವಿಷಯವೆಂದುಕೊಂಡಿದ್ದೆ, ಬಿಸಿಲಲ್ಲಿ ನಿಂತಾಗ ಹಾಗನ್ನಿಸಲಿಲ್ಲ.

ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಎಂಬ ಬಿರುದು ಕೊಟ್ಟದ್ದು ಮದ್ರಾಸ್ ಸರ್ಕಾರ. ಅವರು 1963ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅದೇ ಊರು ಕೇರಳದಲ್ಲಿತ್ತು. ಮನೆ ಬಿಟ್ಟು ಕದಲದೆಯೇ ರಾಜ್ಯ ಬದಲಿಸಿದವರು ಈ ಕಡೆ ಲಕ್ಷಾಂತರ.

ಕಾಸರಗೋಡು ಪೇಟೆಯಲ್ಲಿ ಹೆಚ್ಚು ಹೊತ್ತು ಕಳೆಯಲಿಲ್ಲ. ರೈಲು ನಿಲ್ದಾಣಕ್ಕೆ ಮಾತ್ರ ಹೋದೆ. 1907ರಲ್ಲಿ ಮಂಗಳೂರಿಗೆ ಬಂದು ಮುಟ್ಟಿದ ಹಳಿ ಇದು. ರೈಲ್ವೆಯವರ ಗಡಿ ರಾಜ್ಯದ ಗಡಿಗೆ ಹೊಂದುವುದಿಲ್ಲ. ಮಂಗಳೂರು ಸೆಂಟ್ರಲ್ ನಿಲ್ದಾಣ ಇವತ್ತಿಗೂ ಪಾಲಕ್ಕಾಡ್ ವಿಭಾಗದ್ದು. ಆಸ್ಪತ್ರೆಗೆ ಕಾಸರಗೋಡಿನವರು ಮಂಗಳೂರಿನ ಕಡೆ ನೋಡಿದರೆ, ಹೊಸ ರೈಲಿಗೆ ಮಂಗಳೂರಿನವರು ಪಾಲಕ್ಕಾಡಿನ ಕಡೆ ನೋಡಬೇಕು! 2023ರ ಏಪ್ರಿಲಿನಲ್ಲಿ ವಂದೇ ಭಾರತ್ ಬಂದ ಮೇಲೆ ಕಾಸರಗೋಡಿನಿಂದ ರಾಜಧಾನಿಗೆ ಎಂಟು ತಾಸಿನ ದಾರಿ. ಕಡತದ ಹಿಂದೆ ಓಡಾಡುವವರಿಗೆ ಇದು ದೊಡ್ಡ ಉಪಕಾರ. ಒಂದು ರೈಲು ಓಡಿದ್ದರಿಂದ ಜಿಲ್ಲೆಯ ಮುಖ ಸ್ವಲ್ಪವಾದರೂ ತೆಂಕಣಕ್ಕೆ ತಿರುಗಿದೆ ಎಂದು ಪ್ಲಾಟ್‌ಫಾರಂ ಮೇಲಿನ ಗುಮಾಸ್ತರೊಬ್ಬರು ವಾದಿಸಿದರು. ಇರಬಹುದು.

ಪೇಟೆಯ ತೆಂಕಣ ಅಂಚಿಗೆ ಚಂದ್ರಗಿರಿ. ಸುಳ್ಯದಲ್ಲಿ ಪಯಸ್ವಿನಿ ಎನ್ನಿಸಿಕೊಂಡು ಹರಿಯುವ ಹೊಳೆಯೇ ಇಲ್ಲಿ ಅಗಲವಾಗಿ ಕಡಲಿಗೆ ಸೇರುತ್ತದೆ. ಆಚೆ ದಡದ ಗುಡ್ಡದ ಮೇಲೆ ಕೆಳದಿ ಅರಸರ ಕಾಲದ ಕೋಟೆ. 1967ರಲ್ಲಿ, ರಾಜ್ಯಗಳ ಗಡಿ ತಗಾದೆ ನೋಡಲೆಂದು ಕೇಂದ್ರ ನೇಮಿಸಿದ್ದ ಮಹಾಜನ್ ಆಯೋಗ, ಈ ಹೊಳೆಯ ಬಡಗಣ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ವರದಿ ಕೊಟ್ಟಿತು. ವರದಿ ಜಾರಿಯಾಗಲಿಲ್ಲ. ಕರ್ನಾಟಕ ಬೆಳಗಾವಿಯ ವಿಷಯದಲ್ಲಿ ಅದನ್ನು ಎತ್ತಿ ಹಿಡಿಯುವಷ್ಟು ಜೋರಾಗಿ ಕಾಸರಗೋಡಿನ ವಿಷಯದಲ್ಲಿ ಎಂದೂ ಹಿಡಿಯಲಿಲ್ಲ ಎಂಬ ಮಾತು ಆ ಕಡೆಯ ಕನ್ನಡಿಗರ ಬಾಯಲ್ಲಿ ಕೇಳಿಬರುತ್ತದೆ. ಸುಳ್ಳೆನ್ನಲು ನನ್ನ ಬಳಿ ಆಧಾರವಿಲ್ಲ. ಸೇತುವೆಯ ಮೇಲೆ ನಡೆದೆ. ಆಚೆ ಚೆಮ್ನಾಡು. ಎರಡೂ ದಡದಲ್ಲಿ ಒಂದೇ ತೆಂಗು, ಗಲ್ಫ್ ದುಡ್ಡಿನಲ್ಲಿ ಕಟ್ಟಿದ ಒಂದೇ ಬಗೆಯ ಮನೆಗಳು.

ಮರಳುವ ದಾರಿಗೆ ಪುತ್ತೂರು ಬಸ್ಸು ಸಿಕ್ಕಿತು. ಚೆರ್ಕಳದಲ್ಲಿ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದೊಡನೆ ಎಡನೀರು. ಇಲ್ಲಿನ ಮಠದ ಕೇಶವಾನಂದ ಭಾರತಿಗಳು ಕೇರಳದ ಭೂಸುಧಾರಣೆ ಕಾನೂನಿನಿಂದ ಮಠದ ಜಮೀನು ಹೋಗುತ್ತದೆಂದು 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲವೆಂದು 7–6ರ ಬಹುಮತದಲ್ಲಿ ಹೇಳಿದರು. ಎಡನೀರು ಚಂದ್ರಗಿರಿಯ ಬಡಗಣಕ್ಕಿದೆ. ಗೆರೆ ಹೊಳೆಯ ಮೇಲೆ ಬಿದ್ದಿದ್ದರೆ ಕೇರಳದ ಕಾನೂನು ಈ ಮಠವನ್ನು ಮುಟ್ಟುತ್ತಲೇ ಇರಲಿಲ್ಲ. ಆ ಮೊಕದ್ದಮೆಗೆ ಬೇರೆ ಯಾವ ಹೆಸರು ಇರುತ್ತಿತ್ತೋ. ಬಸ್ಸಿನ ಕಿಟಕಿಯಿಂದ ಹೀಗೆ ತರ್ಕ ಮಾಡುವುದು ಸುಲಭ.

ಬದಿಯಡ್ಕದ ಪೆರಡಾಲದಲ್ಲಿ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಮನೆ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಬಾಳಿಡೀ ಹೋರಾಡಿ, ನೂರು ತುಂಬಿದ ಮೇಲೆ 2015ರಲ್ಲಿ ತೀರಿಕೊಂಡರು. ಇಲ್ಲಿಂದ ಮುಂದೆ ಅಡಿಕೆ ತೋಟಗಳು. ಅಡಿಕೆಗಂತೂ ಗಡಿಯ ಹಂಗಿಲ್ಲ. ಎರಡೂ ರಾಜ್ಯಗಳು ಸೇರಿ 1973ರಲ್ಲಿ ಕಟ್ಟಿದ, ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋದ ಕೇಂದ್ರ ಮಂಗಳೂರು. ಬೆಳೆ ಕೇರಳದ್ದಾದರೂ ಹೋಗುವುದು ಬಡಗಣಕ್ಕೇ.

ಉಕ್ಕಿನಡ್ಕದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಕಟ್ಟಡ ಕಾಣಿಸಿತು. ಶಂಕುಸ್ಥಾಪನೆ 2013ರಲ್ಲಿ. ವರ್ಷಗಟ್ಟಲೆ ಕುಂಟುತ್ತಿದ್ದ ಕೆಲಸಕ್ಕೆ ಕಾಲು ಬಂದದ್ದು ತಲಪಾಡಿಗೆ ಮಣ್ಣು ಬಿದ್ದ ಮೇಲೆ. 2020ರ ಏಪ್ರಿಲಿನಲ್ಲಿ ಅವಸರವಸರವಾಗಿ ಕೋವಿಡ್ ಆಸ್ಪತ್ರೆಯಾಗಿ ಬಾಗಿಲು ತೆರೆಯಿತು. ಮುಂದಿನ ಪೆರ್ಲದ ಸುತ್ತಿನ ಊರುಗಳ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷದ ಕೀಟನಾಶಕ ಸುರಿದಿದ್ದರು. ಅಷ್ಟು ರೋಗಿಗಳಿದ್ದ ಸೀಮೆಗೆ ಅಷ್ಟು ವರ್ಷ ದೊಡ್ಡಾಸ್ಪತ್ರೆ ಬಾರದಿದ್ದುದಕ್ಕೆ, ಮಂಗಳೂರು ಹತ್ತಿರವಿದೆಯಲ್ಲ ಎಂಬ ಸಮಾಧಾನವೂ ಒಂದು ಕಾರಣವೆಂದು ನನ್ನ ಅನುಮಾನ.

ಪೆರ್ಲದಲ್ಲಿ ಹತ್ತಿದ ಹುಡುಗನೊಬ್ಬ ಪಕ್ಕದಲ್ಲಿ ಕೂತ. ಪುತ್ತೂರಿನಲ್ಲಿ ಓದುತ್ತಾನೆ, ದಿನಾ ಗಡಿ ದಾಟುತ್ತಾನೆ. ಹತ್ತನೇ ತರಗತಿಯವರೆಗೆ ಕೇರಳದ ಕನ್ನಡ ಶಾಲೆ, ಆಮೇಲೆ ಕರ್ನಾಟಕ. ಇಲ್ಲಿ ಇದು ಹಳೆಯ ದಾರಿ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗೂ ಅವಕಾಶವಿದೆ. 2017ರ ಕಾನೂನಿನಿಂದ ಕೇರಳದ ಶಾಲೆಗಳಲ್ಲಿ ಮಲಯಾಳ ಕಲಿಕೆ ಕಡ್ಡಾಯವಾದ ಮೇಲೆ, ಮಕ್ಕಳನ್ನು ಇನ್ನೂ ಬೇಗ ಈಚೆಗೆ ಸೇರಿಸಬೇಕೇ ಎಂದು ಯೋಚಿಸುವ ತಂದೆತಾಯಿಗಳಿದ್ದಾರೆ ಎಂದು ಹುಡುಗ ಹೇಳಿದ. “ನನಗೆ ಮಲಯಾಳ ಬರ್ತದೆ ಸರ್, ಕಷ್ಟ ಎಂತ ಇಲ್ಲ. ಕೆಲಸ ಬೆಂಗಳೂರಿನಲ್ಲಿ ಅಲ್ವಾ ಸಿಗುದು, ಅದಕ್ಕೆ.”

ಸಾರಡ್ಕ ಬಂತು. ಬಸ್ಸು ನಿಲ್ಲಲಿಲ್ಲ, ಯಾರೂ ತಲೆಯೆತ್ತಲಿಲ್ಲ. 2021ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡಕ್ಕೆ ಬರಲು ಬಿಟ್ಟಿದ್ದ ನಾಲ್ಕೇ ದಾರಿಗಳಲ್ಲಿ ಇದೂ ಒಂದು. ತಲಪಾಡಿ, ನೆಟ್ಟಣಿಗೆ ಮುಡ್ನೂರು, ಜಾಲ್ಸೂರು ಉಳಿದ ಮೂರು. 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ಕೈಯಲ್ಲಿರಬೇಕಿತ್ತು. ದಿನಾ ದಾಟುವವರು ಮೂರು ದಿನಕ್ಕೊಮ್ಮೆ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳಬೇಕೇ ಎಂದು ಜನ ರಸ್ತೆಗಿಳಿದಿದ್ದರು. ಆ ಎರಡು ವರ್ಷ ಹುಡುಗನ ಅಪ್ಪನ ಮನಸ್ಸಿನಲ್ಲಿ ಕೂತುಬಿಟ್ಟಿವೆಯಂತೆ. ವಿಟ್ಲದ ಹತ್ತಿರ ಹತ್ತು ಸೆಂಟ್ಸ್ ಜಾಗ ನೋಡಿದ್ದಾರೆ. ತೋಟ ಪೆರ್ಲದಲ್ಲೇ ಇರುತ್ತದೆ, ಮನೆ ಈಚೆಗೆ ಬರುತ್ತದೆ, ಬೈಕಿನಲ್ಲಿ ಹೋಗಿಬಂದು ಮಾಡುವುದು.

“ಹಾಗಾದರೆ ಎಲ್ಲರ ಕಾರ್ಡೂ ಕರ್ನಾಟಕಕ್ಕೆ ಬದಲಿಸ್ತೀರಾ?” ಎಂದೆ.

“ನಮ್ಮದು ಬದಲಿಸುದು. ಅಜ್ಜಿಯದ್ದು ಇಲ್ಲ. ಅವರು ಬರುದೇ ಇಲ್ಲ ಅಂತ ಕೂತಿದ್ದಾರೆ. ಅವರ ಪಿಂಚಣಿ ಕೇರಳದ್ದು.”

ವಿಟ್ಲದಲ್ಲಿ ನಾನಿಳಿದೆ, ಅವನ ಬಸ್ಸು ಕಬಕದ ಕಡೆ ಹೋಯಿತು.