ಆಫೀಸಿಗೆ ಹೋಗೋಕೆ ನಿಂಗೇನು ಕಷ್ಟ?

ಮನೆಯಿಂದ ಕೆಲಸ ಸಾಕು, ವಾರಕ್ಕೆ ಮೂರು ದಿನ ಆಫೀಸಿಗೆ ಬನ್ನಿ ಅಂತ ನಮ್ಮ ಕಂಪನಿ ಹೇಳಿದ ಮೇಲೆ ಈ ಪ್ರಶ್ನೆಯನ್ನು ನನಗೆ ಕೇಳದವರಿಲ್ಲ. ಮದುವೆ ಮನೆಯಲ್ಲಿ ಊಟದ ಎಲೆ ಮುಂದೆ ಕೂತಾಗ ಕೇಳಿದ್ದಾರೆ, ಮೆಟ್ರೋದಲ್ಲಿ ಪರಿಚಯವಾದವರು ಕೇಳಿದ್ದಾರೆ. ಹೋದ ತಿಂಗಳು ತುಮಕೂರಿನಿಂದ ದೊಡ್ಡಪ್ಪ ಫೋನ್ ಮಾಡಿದಾಗಲೂ ಅದೇ ಮಾತು ಬಂತು. "ಅಲ್ಲಮ್ಮಾ, ಸಂಬಳ ಕೊಡೋರು ಬಾ ಅಂದ್ರೆ ಹೋಗೋಕೆ ನಿಂಗೇನು ಕಷ್ಟ? ನಾನು ಮೂವತ್ತೆರಡು ವರ್ಷ ಕೆಇಬಿಗೆ ಹೋಗ್ಲಿಲ್ವಾ?"

ಆಗ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಇಳಿಯುವ ಸ್ಟೇಷನ್ ಬಂದಿತ್ತು. ಆ ಉತ್ತರವನ್ನು ಇಲ್ಲಿ ನಿಧಾನವಾಗಿ ಬರೆಯುತ್ತೇನೆ.

ಮೊದಲು ದಾರಿಯ ಲೆಕ್ಕ ಹೇಳಿಬಿಡುತ್ತೇನೆ. ನಮ್ಮ ಮನೆ ಕೆಂಗೇರಿಯಲ್ಲಿ. ಆಫೀಸು ಔಟರ್ ರಿಂಗ್ ರೋಡಿನಲ್ಲಿ, ಕಾಡುಬೀಸನಹಳ್ಳಿ ಹತ್ತಿರ. ಮೆಟ್ರೋದ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ತೆರೆದದ್ದು ನನ್ನಂಥವರಿಗೆ ದೊಡ್ಡ ಉಪಕಾರ. ಆದರೆ ನಾನು ಕೆ.ಆರ್. ಪುರದಲ್ಲಿ ಇಳಿದು, ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸಿಗೆ ಕಾಯಬೇಕು. ಮನೆ ಬಾಗಿಲಿಂದ ಆಫೀಸಿನ ಬಾಗಿಲಿಗೆ ಎರಡು ಗಂಟೆ ಹತ್ತು ನಿಮಿಷ. ಅದೂ ಮಳೆ ಇಲ್ಲದಿದ್ದರೆ. ಟಾಮ್‌ಟಾಮ್ ಅನ್ನುವ, ಊರುಗಳ ಟ್ರಾಫಿಕ್ ಅಳೆಯುವ ಸಂಸ್ಥೆಯ 2024ರ ಲೆಕ್ಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ಹೋಗಲು ಸರಾಸರಿ 34 ನಿಮಿಷ ಬೇಕಿತ್ತು. ಮೆಟ್ರೋದ ಗರಿಷ್ಠ ದರ 2025ರ ಫೆಬ್ರವರಿಯಲ್ಲಿ 60 ರೂಪಾಯಿಯಿಂದ 90ಕ್ಕೆ ಏರಿತು. ಹೋಗಿ ಬರುವ ನಾಲ್ಕು ಗಂಟೆಯಲ್ಲಿ ಮಗಳ ಹೋಂವರ್ಕ್ ಇತ್ತು, ಅತ್ತೆಯ ಫಿಸಿಯೋಥೆರಪಿ ಇತ್ತು, ನನ್ನ ನಿದ್ದೆ ಇತ್ತು.

ಕಷ್ಟ ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಈ ಊರಲ್ಲಿ ದಾರಿ ಕಷ್ಟ ಯಾರಿಗಿಲ್ಲ? ನರ್ಸುಗಳು, ಬಸ್ ಕಂಡಕ್ಟರ್‌ಗಳು, ಪೌರಕಾರ್ಮಿಕರು ದಿನಾ ಹೋಗುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ನಾವು ಮನೆಯಲ್ಲಿ ಕೂತು ಕೆಲಸ ಮಾಡುವಾಗಲೂ ನರ್ಸುಗಳು, ಪೌರಕಾರ್ಮಿಕರು ಹೋಗಿದ್ದರು. ಅದನ್ನು ಮರೆತು ಮಾತಾಡಿದರೆ ತಪ್ಪಾಗುತ್ತದೆ.

ನಮ್ಮ ಬೀದಿಯಲ್ಲೇ ಒಬ್ಬ ಅಕ್ಕ ಇದ್ದಾರೆ. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಬೆಳಗ್ಗೆ ಡಬ್ಬಿ ಕಟ್ಟಿಕೊಂಡು ನನಗಿಂತ ಮೊದಲೇ ಹೊರಡುತ್ತಾರೆ. ಅವರ ಮುಂದೆ ನನ್ನ ಕಷ್ಟ ಹೇಳಿಕೊಳ್ಳಲು ನನಗೆ ಯಾವಾಗಲೂ ಸಂಕೋಚ. ಒಂದು ದಿನ ಅವರೇ ಕೇಳಿದರು, ನಿಮ್ಮಲ್ಲೂ ಪಂಚಿಂಗ್ ಐತಾ ಅಂತ. ಇದೆ ಅಕ್ಕ ಅಂದೆ. ಹಾಗೇ ಮಾತು ಬೆಳೆದು ಎಲ್ಲ ಹೇಳಿದೆ. ಅವರು ನನ್ನ ಹೆಗಲ ಮೇಲಿದ್ದ ಲ್ಯಾಪ್‌ಟಾಪ್ ಬ್ಯಾಗನ್ನು ಸ್ವಲ್ಪ ಹೊತ್ತು ನೋಡಿದರು. "ನಮ್ಮ ಮಿಷನ್ನು ಅಲ್ಲೈತೆ, ಅದಕ್ಕೆ ನಾವು ಅಲ್ಲಿಗೆ ಹೋಗ್ತೀವಿ. ನಿನ್ನ ಮಿಷನ್ನು ನಿನ್ನ ಬ್ಯಾಗಲ್ಲೇ ಐತಲ್ಲ ತಾಯಿ. ಅದನ್ನ ಹೊತ್ಕೊಂಡು ಹೋಗಿ, ಹೊತ್ಕೊಂಡು ಬರ್ತೀಯಲ್ಲ" ಅಂದರು.

ನಾನು ಬ್ಯಾಂಕ್ ಸಾಫ್ಟ್‌ವೇರ್‌ಗಳ ಟೆಸ್ಟಿಂಗ್ ಮಾಡುತ್ತೇನೆ. ಹದಿನಾಲ್ಕು ವರ್ಷ ಆಯಿತು. ನಮ್ಮ ಟೀಮಿನಲ್ಲಿ ಹನ್ನೊಂದು ಜನ. ನಾಲ್ವರು ಪುಣೆಯಲ್ಲಿ, ಮೂವರು ಚೆನ್ನೈನಲ್ಲಿ, ಮ್ಯಾನೇಜರ್ ಹೈದರಾಬಾದ್‌ನಲ್ಲಿ. ಬೆಂಗಳೂರಲ್ಲಿ ನಾನು, ಜೊತೆಗೆ ಹೊಸದಾಗಿ ಸೇರಿದ ಇಬ್ಬರು. ಆಫೀಸಿಗೆ ಹೋಗಿ, ಆ್ಯಪ್‌ನಲ್ಲಿ ಬುಕ್ ಮಾಡಿದ ಸೀಟು ಹುಡುಕಿ ಕೂತ ಮೇಲೆ ಹೆಡ್‌ಫೋನ್ ಹಾಕಿಕೊಂಡು ಮಾಡುವುದು ಪುಣೆಯವರ ಜೊತೆ ಕಾಲ್. ಆಚೆ ಸೀಟಿನವರು ನೋಯ್ಡಾ ಜೊತೆ, ಈಚೆಯವರು ಲಂಡನ್ ಜೊತೆ. ಎಲ್ಲರೂ ಒಟ್ಟಿಗೆ ಮಾತಾಡುವಾಗ ಏನೂ ಕೇಳಿಸುವುದಿಲ್ಲ. ಮೀಟಿಂಗ್ ರೂಮ್ ಸಿಗದೆ ಎಷ್ಟೋ ಸಲ ಮೆಟ್ಟಿಲ ಮೇಲೆ ಕೂತು, ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕ್ಲೈಂಟ್‌ಗೆ ಉತ್ತರ ಕೊಟ್ಟಿದ್ದೇನೆ.

ಹಾಜರಿ ಲೆಕ್ಕ ಹಾಕುವ ರೀತಿಯ ಬಗ್ಗೆ ಹೇಳಲೇಬೇಕು. ನನಗೆ ಹೆಚ್ಚು ನೋವಾಗಿರುವುದು ಅಲ್ಲಿ. ವಾರಕ್ಕೆ ಮೂರು ದಿನ ಹೋಗಬೇಕು. ಪ್ರತಿ ದಿನವೂ ಒಳಗೆ ಬರುವ ಸ್ವೈಪ್‌ಗೂ ಹೊರಗೆ ಹೋಗುವ ಸ್ವೈಪ್‌ಗೂ ನಡುವೆ ಆರು ಗಂಟೆ ಇರಬೇಕು. ಇಲ್ಲದಿದ್ದರೆ ಆ ದಿನ ಲೆಕ್ಕಕ್ಕಿಲ್ಲ. ತಿಂಗಳ ಮೊದಲ ವಾರದಲ್ಲಿ ಒಂದು ಮೇಲ್ ಬರುತ್ತದೆ. ಹೆಸರಿನ ಮುಂದೆ ಹಸಿರು, ಹಳದಿ, ಇಲ್ಲವೇ ಕೆಂಪು.

ಹೋದ ಮಳೆಗಾಲದಲ್ಲಿ ಒಂದು ರಿಲೀಸ್, ಅಂದರೆ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಿಡುವ ಕೆಲಸ, ಇತ್ತು. ಬುಧವಾರ ರಾತ್ರಿ ಹತ್ತಕ್ಕೆ ಕೂತವಳು ಎದ್ದದ್ದು ಮೂರೂವರೆಗೆ. ಮನೆಯ ಊಟದ ಮೇಜಿನ ಮೇಲೆ, ಯಾರಿಗೂ ಎಚ್ಚರವಾಗದ ಹಾಗೆ ಲೈಟ್ ತಗ್ಗಿಸಿಕೊಂಡು. ಕೆಲಸ ಚೆನ್ನಾಗಿ ಮುಗಿಯಿತು. ಕ್ಲೈಂಟ್ ಕಡೆಯಿಂದ ಥ್ಯಾಂಕ್ಸ್ ಅಂತ ಮೇಲ್ ಕೂಡ ಬಂತು. ಆದರೆ ಆ ವಾರದ ಮೂರನೇ ದಿನ ಬಾಕಿ ಇತ್ತು. ಶುಕ್ರವಾರ ಅತ್ತೆಗೆ ಆಸ್ಪತ್ರೆ ಇದ್ದುದರಿಂದ ಗುರುವಾರವೇ ಹೋಗಬೇಕಾಯಿತು. ಬೆಳಗ್ಗೆ ರಿಂಗ್ ರೋಡಿನಲ್ಲಿ ನೀರು ನಿಂತಿತ್ತು. ಬಸ್ಸಿನಲ್ಲಿ ಕೂತೇ ಇದ್ದೆ. ಗೇಟಿನಲ್ಲಿ ಸ್ವೈಪ್ ಮಾಡಿದಾಗ 12 ಗಂಟೆ 10 ನಿಮಿಷ. ಸಂಜೆ ತಲೆ ಸಿಡಿಯುತ್ತಿತ್ತು. ಆರಕ್ಕೆ ಎದ್ದು, 6 ಗಂಟೆ 2 ನಿಮಿಷಕ್ಕೆ ಹೊರಗೆ ಬಂದೆ. ಐದು ಗಂಟೆ ಐವತ್ತೆರಡು ನಿಮಿಷ. ಎಂಟು ನಿಮಿಷ ಕಡಿಮೆ.

ಮುಂದಿನ ತಿಂಗಳು ನನ್ನ ಹೆಸರಿನ ಮುಂದೆ ಕೆಂಪು ಬಂತು. ರೆಗ್ಯುಲರೈಸೇಷನ್, ಅಂದರೆ ಹಾಜರಿ ಸರಿಪಡಿಸಿ ಅನ್ನುವ ಅರ್ಜಿ, ಹಾಕಲು ಹೋದೆ. ಕಾರಣ ಆರಿಸಿ ಅಂತ ಒಂದು ಪಟ್ಟಿ ತೆರೆಯಿತು. ಬ್ಯಾಡ್ಜ್ ಮರೆತಿದ್ದು ಇತ್ತು, ಟ್ರೈನಿಂಗ್ ಇತ್ತು, ಕ್ಲೈಂಟ್ ಭೇಟಿ ಇತ್ತು. ಮಳೆ ಇರಲಿಲ್ಲ. ರಾತ್ರಿ ಮೂರೂವರೆ ತನಕ ಕೆಲಸ ಮಾಡಿದ್ದೂ ಇರಲಿಲ್ಲ. ಮ್ಯಾನೇಜರ್ ಒಳ್ಳೆಯವರು. "ನಾನು ಅಪ್ರೂವ್ ಮಾಡಿದ್ದೀನಿ, ಆದರೆ ಸಿಸ್ಟಮ್ ತಗೋತಾ ಇಲ್ಲ" ಅಂದರು. ಟೀಮಿನ ಹಾಜರಿ ಅವರ ಅಪ್ರೈಸಲ್‌ನಲ್ಲೂ ಒಂದು ಅಂಕ.

ಇದನ್ನು ದೊಡ್ಡಪ್ಪನಿಗೆ ಎರಡನೇ ಸಲ ಮಾತಾಡಿದಾಗ ಹೇಳಿದೆ. ಅವರ ಕಾಲದಲ್ಲಿ ಹಾಜರಿ ಪುಸ್ತಕ ಇತ್ತು. ಲೇಟಾದರೆ ಕೆಂಪು ಶಾಯಿ. ಆದರೆ ಗಾಳಿ ಮಳೆಗೆ ಲೈನ್ ಕಡಿದು, ರಾತ್ರಿ ಎರಡರವರೆಗೆ ಊರೂರು ಸುತ್ತಿ ಕರೆಂಟ್ ಕೊಟ್ಟ ಮಾರನೇ ದಿನ ಹನ್ನೊಂದಕ್ಕೆ ಹೋದರೂ ಸಾಹೇಬರು ಆ ಶಾಯಿ ಮುಟ್ಟುತ್ತಿರಲಿಲ್ಲವಂತೆ. "ಅವರಿಗೆ ಗೊತ್ತಿರ್ತಿತ್ತಲ್ಲಮ್ಮಾ" ಅಂದರು. ಆಮೇಲೆ, "ನಿಮ್ಮ ಸಾಹೇಬ್ರು ಎಲ್ಲಿ ಕೂತ್ಕೋತಾರೆ?" ಅಂತ ಕೇಳಿದರು. ಹೈದರಾಬಾದ್ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮತ್ತೆ ನೀನು ಯಾರನ್ನ ನೋಡೋಕೆ ಅಷ್ಟು ದೂರ ಹೋಗ್ತೀಯ?"

ಹೋಗದಿದ್ದರೆ ಏನಾಗುತ್ತೆ ಅಂತಲೂ ಕೇಳುತ್ತಾರೆ. ಒಂದೊಂದು ಕಂಪನಿಯಲ್ಲಿ ಒಂದೊಂದು ಥರ. ನಮ್ಮದು ಅಷ್ಟು ದೊಡ್ಡದಲ್ಲ. ದೊಡ್ಡ ಕಂಪನಿಗಳ ವಿಷಯ ಪತ್ರಿಕೆಗಳಲ್ಲೇ ಬಂದಿದೆ. ಟಿಸಿಎಸ್ 2020ರಲ್ಲಿ, 2025ರ ಹೊತ್ತಿಗೆ ತನ್ನ 25 ಶೇಕಡಾ ಜನ ಮಾತ್ರ ಆಫೀಸಿನಲ್ಲಿದ್ದರೆ ಸಾಕು ಅಂದಿತ್ತು. 2023ರ ಅಕ್ಟೋಬರ್‌ಗೆ ವಾರದ ಐದೂ ದಿನ ಬನ್ನಿ ಅಂತಾಯಿತು. 2024ರಲ್ಲಿ ಹಾಜರಿಯನ್ನು ವೇರಿಯಬಲ್ ಪೇಗೆ, ಅಂದರೆ ಸಂಬಳದಲ್ಲಿ ಏರಿಳಿಯುವ ಭಾಗಕ್ಕೆ, ಜೋಡಿಸಿದರು. ಹಾಜರಿ 60 ಶೇಕಡಾಕ್ಕಿಂತ ಕಡಿಮೆ ಇದ್ದರೆ ಆ ದುಡ್ಡು ಸಿಗುವುದಿಲ್ಲ. ಪೂರ್ತಿ ಬೇಕಾದರೆ 85ರ ಮೇಲಿರಬೇಕು. ಇನ್ಫೋಸಿಸ್ 2025ರ ಮಾರ್ಚ್‌ನಿಂದ ತಿಂಗಳಿಗೆ ಕನಿಷ್ಠ 10 ದಿನ ಅಂತ ಮಾಡಿತು. ಅಮೆಜಾನ್ 2025ರ ಜನವರಿಯಿಂದ ಐದು ದಿನ.

ಕಾನೂನಿನ ಆಸರೆ ಹುಡುಕಿದರೆ ಅಲ್ಲೂ ಹೆಚ್ಚಿಲ್ಲ. ಕಾರ್ಖಾನೆಗಳಿಗೆ ಇದ್ದ ಸ್ಥಾಯಿ ಆದೇಶಗಳ ಕಾಯ್ದೆಯಲ್ಲಿ ಹಾಜರಿ, ತಡವಾಗಿ ಬರುವುದು ಇವುಗಳ ನಿಯಮವನ್ನು ಮಾಲೀಕರು ಬರೆದು, ಅಧಿಕಾರಿಯಿಂದ ಒಪ್ಪಿಗೆ ಪಡೆಯಬೇಕಿತ್ತು. ಕರ್ನಾಟಕ ಸರ್ಕಾರ ಐಟಿಯವರಿಗೆ ಅದರಿಂದ ವಿನಾಯಿತಿ ಕೊಡುತ್ತಾ ಬಂತು. 2024ರಲ್ಲಿ ಮತ್ತೆ ಐದು ವರ್ಷಕ್ಕೆ ಕೊಟ್ಟಿತು. ಐಟಿ ನೌಕರರ ಸಂಘ ಕಿಟು ಇದನ್ನು ವಿರೋಧಿಸಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಕೂಡ, ಉದ್ಯೋಗದ ಕಾರಣಕ್ಕೆ ಮಾಹಿತಿ ಬಳಸುವುದಾದರೆ ನಮ್ಮ ಒಪ್ಪಿಗೆ ಕೇಳಬೇಕಿಲ್ಲ ಅನ್ನುತ್ತದೆ.

ಹಾಗಂತ ನನಗೆ ಮನೆಯೇ ಬೇಕು ಅಂತಲ್ಲ. ಆ ಇಬ್ಬರು ಹೊಸಬರಿಗೆ ಪಕ್ಕದಲ್ಲಿ ಒಬ್ಬರು ಕೂರುವುದು ಬೇಕೇ ಬೇಕು. ಅದರಲ್ಲೊಬ್ಬಳು ರಾಯಚೂರಿನ ಹುಡುಗಿ. ಸಾಫ್ಟ್‌ವೇರ್ ತಾನು ಮಾಡಿದ್ದನ್ನು ಬರೆದಿಡುವ ಲಾಗ್ ಫೈಲ್ ನೋಡಿದರೆ ಭಯ ಅನ್ನುತ್ತಿದ್ದಳು. ಒಂದು ಮಧ್ಯಾಹ್ನ ಅವಳ ಕುರ್ಚಿ ಪಕ್ಕ ನನ್ನದನ್ನು ಎಳೆದುಕೊಂಡು ಕೂತೆ. ಕೆಳಗಿನಿಂದ ಮೇಲಕ್ಕೆ ಓದು, ಮೊದಲು ಸಮಯ ನೋಡು ಅಂತ ತೋರಿಸಿದೆ. ಮುಕ್ಕಾಲು ಗಂಟೆಯಲ್ಲಿ ತಪ್ಪನ್ನು ಅವಳೇ ಹಿಡಿದಳು. ಅವಳ ಮುಖ ನೋಡಿದಾಗ ಬಂದಿದ್ದು ಸಾರ್ಥಕ ಅನಿಸಿತು. ಪಿಜಿಯ ಒಂದೇ ರೂಮಿನಲ್ಲಿ ಮೂವರು ಇರುವವರಿಗೆ ಆಫೀಸು ಉಸಿರಾಡುವ ಜಾಗ. ಮನೆಯಲ್ಲಿದ್ದರೆ ಎರಡೂ ಕೆಲಸ ತಲೆ ಮೇಲೆ ಬೀಳುವ ಹೆಣ್ಣುಮಕ್ಕಳಿಗೂ ಅಷ್ಟೇ. ನನಗೂ ಹಾಗನಿಸಿದ ದಿನಗಳಿವೆ.

ಆದರೆ ಆ ಹುಡುಗಿಗೂ ನನಗೂ ಒಂದೇ ದಿನ ಸೀಟು ಸಿಗುವುದು ಕಷ್ಟ. ಆ್ಯಪ್‌ನಲ್ಲಿ ಯಾವ ದಿನ ಖಾಲಿ ಇದೆಯೋ ಆ ದಿನ ಬುಕ್ ಮಾಡುತ್ತೇವೆ. ಅವಳು ಸೋಮವಾರ ಬಂದರೆ ನಾನು ಮಂಗಳವಾರ. ಇಬ್ಬರಿಗೂ ಹಸಿರು ಬರುತ್ತದೆ, ಕಲಿಕೆ ಮಾತ್ರ ಆಗುವುದಿಲ್ಲ.

ಇನ್ನೊಂದು ಬದಲಾವಣೆ ಕಣ್ಣಿಗೇ ಕಾಣುತ್ತದೆ. ಸಂಜೆ ಆರರ ಆಸುಪಾಸು ಗೇಟಿನ ಹತ್ತಿರ ಜನ ಬ್ಯಾಗ್ ಹಾಕಿಕೊಂಡು, ಫೋನಿನಲ್ಲಿ ಗಂಟೆ ನೋಡುತ್ತಾ ನಿಂತಿರುತ್ತಾರೆ. ಆರು ಗಂಟೆಯ ಹಾಜರಿ ತುಂಬಲು ಕಾಯುತ್ತಿರುತ್ತಾರೆ. ಇವರೇ ಹಿಂದೆ ಯಾರೂ ಹೇಳದಿದ್ದರೂ ಭಾನುವಾರ ಸರ್ವರ್ ನೋಡುತ್ತಿದ್ದವರು. ನನ್ನ ಮನಸ್ಸೂ ಈಗ ಲೆಕ್ಕ ಹಾಕುತ್ತದೆ. ನನಗೆ ಅದು ಇಷ್ಟವಿಲ್ಲ.

ನಮ್ಮ ಜೊತೆ ಸಾಗರದ ಒಬ್ಬ ಹುಡುಗ ಇದ್ದ. 2021ರಲ್ಲಿ ಕೆಲಸಕ್ಕೆ ತೆಗೆದುಕೊಳ್ಳುವಾಗ ಊರಿಂದಲೇ ಮಾಡಬಹುದು ಅಂದಿದ್ದರು. ಅವನು ತಂದೆಯ ಅಡಿಕೆ ತೋಟಕ್ಕೆ ಡ್ರಿಪ್ ಹಾಕಿಸಿದ, ಮನೆಗೆ ಫೈಬರ್ ಎಳೆಸಿದ, ಕರೆಂಟ್ ಹೋಗುತ್ತೆ ಅಂತ ಎರಡು ಬ್ಯಾಟರಿ ಇನ್ವರ್ಟರ್ ತಂದ. ಎರಡು ವರ್ಷ ಒಂದು ಕೆಲಸವೂ ತಪ್ಪಲಿಲ್ಲ. ಆಮೇಲೆ ಮೂವತ್ತು ದಿನದೊಳಗೆ ಬೆಂಗಳೂರಿಗೆ ಬನ್ನಿ ಅಂತ ಮೇಲ್ ಬಂತು. ಬಂದ. ತಂದೆಗೆ ಕಣ್ಣು ಕಾಣಿಸುವುದು ಕಡಿಮೆಯಾದ ಮೇಲೆ ಕೆಲಸ ಬಿಟ್ಟು ಹೋದ. ಅವನ ಜಾಗಕ್ಕೆ ಬಂದವರಿಗೆ ಕೆಲಸ ಕಲಿಸಲು ನಮಗೆ ಐದು ತಿಂಗಳು ಹಿಡಿಯಿತು.

ಇದು ನನ್ನೊಬ್ಬಳ ಅನಿಸಿಕೆ ಅನ್ನುವವರಿಗೆ ಒಂದು ವಿಷಯ ಹೇಳಬೇಕು. ಚೀನಾದ ಟ್ರಿಪ್‌.ಕಾಮ್ ಕಂಪನಿಯಲ್ಲಿ 1,612 ನೌಕರರನ್ನು ಎರಡು ಗುಂಪು ಮಾಡಿ ಆರು ತಿಂಗಳು ನೋಡಿದರು. ಹುಟ್ಟಿದ ತಾರೀಖು ಬೆಸವಾದರೆ ವಾರದಲ್ಲಿ ಎರಡು ದಿನ ಮನೆಯಿಂದ, ಸಮವಾದರೆ ಐದೂ ದಿನ ಆಫೀಸು. ಅದರ ಫಲಿತಾಂಶ 2024ರಲ್ಲಿ ನೇಚರ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಮನೆಯಿಂದ ಎರಡು ದಿನ ಮಾಡಿದವರಲ್ಲಿ ಕೆಲಸ ಬಿಡುವವರು ಮೂರನೇ ಒಂದು ಭಾಗ ಕಡಿಮೆಯಾದರು. ಎರಡು ವರ್ಷದವರೆಗೆ ರೇಟಿಂಗ್ ನೋಡಿದರು, ಪ್ರಮೋಷನ್ ನೋಡಿದರು, ವ್ಯತ್ಯಾಸ ಸಿಗಲಿಲ್ಲ. ಹೆಚ್ಚು ಪ್ರಯೋಜನ ಆದದ್ದು ಹೆಂಗಸರಿಗೆ ಮತ್ತು ದೂರದಿಂದ ಬರುವವರಿಗೆ. ಕೆಲಸ ಕುಗ್ಗುತ್ತೆ ಅಂದುಕೊಂಡಿದ್ದ ಮ್ಯಾನೇಜರ್‌ಗಳೇ ಕೊನೆಗೆ ಅಭಿಪ್ರಾಯ ಬದಲಿಸಿದರು. ಅದನ್ನು ಓದಿದ ದಿನ ನಾನು ಮೆಟ್ರೋದಲ್ಲಿ ನಿಂತಿದ್ದೆ. ನನ್ನ ಮಾತನ್ನು ಯಾರೋ ಕೇಳಿಸಿಕೊಂಡ ಹಾಗಾಯಿತು.

ಹಾಗಾದರೆ ನಿಂಗೇನು ಬೇಕು ಅಂತ ದೊಡ್ಡಪ್ಪ ಕೇಳಿದರು. ಅದನ್ನು ಹೋದ ವಾರ ಮ್ಯಾನೇಜರ್‌ಗೆ ಬರೆದು ಕಳಿಸಿದ್ದೇನೆ. ಬೆಂಗಳೂರಿನ ಮೂವರೂ ಒಟ್ಟಿಗೆ ಬರುವ ಎರಡು ದಿನವನ್ನು ನಾವೇ ಗೊತ್ತು ಮಾಡುತ್ತೇವೆ, ಆ ದಿನ ಅಕ್ಕಪಕ್ಕದ ಸೀಟು ಕೊಡಿ. ಆ ದಿನ ಕಾಲ್‌ಗಳನ್ನು ಮಧ್ಯಾಹ್ನದ ಒಳಗೆ ಮುಗಿಸೋಣ, ಮಿಕ್ಕ ಹೊತ್ತು ಹೊಸಬರಿಗೆ. ರಾತ್ರಿ ರಿಲೀಸ್ ಮಾಡಿದವರ ಮಾರನೇ ದಿನವನ್ನು ಹಾಜರಿ ಅಂತಲೇ ಹಿಡಿಯಿರಿ. ಮ್ಯಾನೇಜರ್ ಒಪ್ಪಿದರೆ ಅದೇ ಕೊನೆ ಮಾತಾಗಲಿ, ಸಿಸ್ಟಮ್ ಅದನ್ನು ತಗೊಳ್ಳಲಿ.

ಎರಡು ದಿನಕ್ಕೆ ಮೇಲಿನವರು ಇನ್ನೂ ಒಪ್ಪಿಲ್ಲ. ಸೀಟಿನ ವಿಷಯಕ್ಕೆ ಸರಿ ಅಂದಿದ್ದಾರೆ. ಈ ಗುರುವಾರದಿಂದ ನನ್ನ ಪಕ್ಕದ ಸೀಟು ರಾಯಚೂರಿನ ಹುಡುಗಿಯದು.